ಖಾಕಿ ಕಳಚಿ ವಿಧಾನಸಭೆಗೆ: 'ಮಾಜಿ ಪೊಲೀಸ್, ಮಾಜಿ ಯೋಧ, ಸಮಾಜ ಸೇವಕ' ಅಂದರೆ ನಿಜಕ್ಕೂ ಏನು?

ಚುನಾವಣೆ ಹತ್ತಿರ ಬಂತು ಅಂದರೆ ಫ್ಲೆಕ್ಸ್‌ಗಳಲ್ಲಿ ಮೂರು ಬಿರುದು ತಪ್ಪದೆ ಕಾಣುತ್ತವೆ. ಮಾಜಿ ಪೊಲೀಸ್ ಅಧಿಕಾರಿ, ಮಾಜಿ ಯೋಧ, ಸಮಾಜ ಸೇವಕ. ಮೂರೂ ಒಬ್ಬರಿಗೇ ಇದ್ದರಂತೂ ಅರ್ಧ ಪ್ರಚಾರ ಅಲ್ಲೇ ಮುಗಿಯಿತು. ಶಿಸ್ತು, ಪ್ರಾಮಾಣಿಕತೆ, ಧೈರ್ಯ ಎಲ್ಲವನ್ನೂ ನಾವೇ ಅವರ ಲೆಕ್ಕಕ್ಕೆ ಸೇರಿಸಿಬಿಡುತ್ತೇವೆ. ಆದರೆ ಎಷ್ಟು ವರ್ಷ ಕೆಲಸ ಮಾಡಿದರು, ಯಾವ ಹುದ್ದೆಯಲ್ಲಿದ್ದರು, ಕೆಲಸ ಬಿಟ್ಟರೋ ಅಥವಾ ಬಿಡಿಸಿದರೋ, ಬಿಟ್ಟ ಎಷ್ಟು ದಿನಕ್ಕೆ ಪಕ್ಷದ ಶಾಲು ಹಾಕಿಕೊಂಡರು, ಇದ್ಯಾವುದೂ ಆ ಫ್ಲೆಕ್ಸ್‌ನಲ್ಲಿ ಇರುವುದಿಲ್ಲ. ನನ್ನ ಪ್ರಕಾರ ನೋಡಬೇಕಾದ್ದು ಅದನ್ನೇ.

ಮೊದಲು ಕಾನೂನು ನೋಡೋಣ. ಅದು ಅಷ್ಟೇನೂ ಕಷ್ಟವಲ್ಲ.

ಕೆಲಸದಲ್ಲಿರುವ ಪೊಲೀಸರು ಚುನಾವಣೆಗೆ ನಿಲ್ಲುವಂತಿಲ್ಲ. ಇದಕ್ಕೆ ಎರಡು ಅಡ್ಡಗೋಡೆ ಇವೆ. ಒಂದು ನಡತೆ ನಿಯಮ. ಐಪಿಎಸ್‌ನವರಿಗೆ ಅಖಿಲ ಭಾರತ ಸೇವೆಗಳ 1968ರ ನಡತೆ ನಿಯಮಗಳು, ನಮ್ಮ ರಾಜ್ಯದ ನೌಕರರಿಗೆ 2021ರ ನಡತೆ ನಿಯಮಗಳು. ಎರಡೂ ಹೇಳುವುದು ಒಂದೇ: ಪಕ್ಷ ಸೇರಬೇಡಿ, ಪ್ರಚಾರ ಮಾಡಬೇಡಿ, ಚುನಾವಣೆಗೆ ನಿಲ್ಲಬೇಡಿ. ಮತ ಹಾಕಬಹುದು, ಆದರೆ ಯಾರಿಗೆ ಹಾಕಿದೆ ಅಂತ ಸಾರಬಾರದು. ಇನ್ನೊಂದು ಗೋಡೆ ಸಂವಿಧಾನದ 191ನೇ ವಿಧಿ. ಸರ್ಕಾರದಡಿ ಲಾಭದಾಯಕ ಹುದ್ದೆಯಲ್ಲಿ ಇರುವವರು ಶಾಸಕರಾಗುವ ಹಾಗಿಲ್ಲ. ಸಂಬಳ ಬರುವ ಸರ್ಕಾರಿ ನೌಕರಿಗಿಂತ ಸ್ಪಷ್ಟವಾದ ಲಾಭದಾಯಕ ಹುದ್ದೆ ಬೇರೆ ಯಾವುದಿದೆ?

ಸೈನಿಕರಿಗೆ ಇನ್ನೂ ಬಿಗಿ. ಸೇನೆ ಮತ್ತು ಪೊಲೀಸ್ ಪಡೆಗಳ ಮೂಲಭೂತ ಹಕ್ಕುಗಳನ್ನು ಸಂಸತ್ತು ಕಡಿತ ಮಾಡಬಹುದು ಅಂತ ಸಂವಿಧಾನದ 33ನೇ ವಿಧಿಯೇ ಹೇಳುತ್ತದೆ. 1950ರ ಸೇನಾ ಕಾಯ್ದೆ, 1966ರ ಪೊಲೀಸ್ ಪಡೆಗಳ ಹಕ್ಕು ನಿರ್ಬಂಧ ಕಾಯ್ದೆ, ಇವೆಲ್ಲ ಅದರ ಬಲದ ಮೇಲೆ ನಿಂತಿವೆ. ಬಂದೂಕು ಹಿಡಿದವರು ಪಕ್ಷ ಹಿಡಿಯಬಾರದು ಅನ್ನುವುದು ಇದರ ತಿರುಳು. ಅಕ್ಕಪಕ್ಕದ ದೇಶಗಳಲ್ಲಿ ಸೇನೆ ಸರ್ಕಾರಗಳನ್ನು ಉರುಳಿಸಿದ್ದನ್ನು ನೋಡಿದವರಿಗೆ ಈ ಬಿಗಿ ಯಾಕೆ ಬೇಕು ಅಂತ ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಬರಬೇಕೆಂದರೆ ಕೆಲಸ ಬಿಟ್ಟೇ ಬರಬೇಕು. ಬಿಡುವುದಕ್ಕೆ ಮೂರು ದಾರಿ. ವಯಸ್ಸಾಗಿ ನಿವೃತ್ತಿ, ಸ್ವಯಂ ನಿವೃತ್ತಿ, ಅಥವಾ ರಾಜೀನಾಮೆ. ಸ್ವಯಂ ನಿವೃತ್ತಿಯನ್ನು ಎಲ್ಲರೂ ವಿಆರ್‌ಎಸ್ ಅಂತಲೇ ಕರೆಯುವುದು. ಐಪಿಎಸ್ ಅಧಿಕಾರಿಯಾದರೆ 20 ವರ್ಷ ಸೇವೆ ಆಗಿರಬೇಕು, ಮೂರು ತಿಂಗಳ ನೋಟಿಸ್ ಕೊಡಬೇಕು, ಸರ್ಕಾರ ಒಪ್ಪಬೇಕು. ಪಿಂಚಣಿ ಉಳಿಯುತ್ತದೆ. ರಾಜೀನಾಮೆ ಹಾಗಲ್ಲ. ಹಳೇ ಪಿಂಚಣಿ ವ್ಯವಸ್ಥೆಯಲ್ಲಿ ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆಯೆಲ್ಲ ಪಿಂಚಣಿ ಲೆಕ್ಕದಿಂದ ಅಳಿಸಿಹೋಗುತ್ತದೆ. 20 ವರ್ಷ ಮುಗಿಸಿ ವಿಆರ್‌ಎಸ್ ತೆಗೆದುಕೊಂಡವರ ರಿಸ್ಕ್ ಬೇರೆ, ಎಂಟು ಒಂಬತ್ತು ವರ್ಷಕ್ಕೇ ರಾಜೀನಾಮೆ ಬಿಸಾಕಿ ಬಂದವರ ರಿಸ್ಕ್ ಬೇರೆ. ಚಿಕ್ಕಮಗಳೂರು, ಉಡುಪಿಯಲ್ಲಿ ಎಸ್‌ಪಿಯಾಗಿ, ಆಮೇಲೆ ಬೆಂಗಳೂರು ದಕ್ಷಿಣ ಡಿಸಿಪಿಯಾಗಿ ಇಲ್ಲಿನವರಿಗೆ ಚೆನ್ನಾಗಿ ಪರಿಚಯವಿದ್ದ ಅಣ್ಣಾಮಲೈ 2019ರಲ್ಲಿ ಹಾಗೇ ರಾಜೀನಾಮೆ ಕೊಟ್ಟು ಹೋದರು. 2021ರಲ್ಲಿ ತಮಿಳುನಾಡಿನ ಅರವಕುರಿಚಿಯಿಂದ ವಿಧಾನಸಭೆಗೆ ನಿಂತು ಸೋತರು. ಕೂಡ್ಲಿಗಿಯ ಡಿವೈಎಸ್‌ಪಿ ಆಗಿದ್ದ ಅನುಪಮಾ ಶೆಣೈ 2016ರಲ್ಲಿ ರಾಜೀನಾಮೆ ಕೊಟ್ಟು, ಸ್ವಂತ ಪಕ್ಷ ಕಟ್ಟಿ, 2018ರಲ್ಲಿ ಕಾಪುವಿನಿಂದ ನಿಂತು ಸೋತರು. ಇವರ ರಾಜಕೀಯ ಒಪ್ಪುತ್ತೀರೋ ಬಿಡುತ್ತೀರೋ, ಪಣಕ್ಕಿಟ್ಟಿದ್ದು ಸಣ್ಣದಲ್ಲ.

ಇಲ್ಲಿ ದಿನಾಂಕದ ಒಂದು ಲೆಕ್ಕಾಚಾರವಿದೆ. ಅಭ್ಯರ್ಥಿ ಅರ್ಹರೋ ಅಲ್ಲವೋ ಅಂತ ನೋಡುವುದು ನಾಮಪತ್ರ ಪರಿಶೀಲನೆಯ ದಿನ. ರಾಜೀನಾಮೆ ಕೊಟ್ಟಿದ್ದೇನೆ ಅಂದರೆ ಸಾಲದು, ಆ ದಿನದೊಳಗೆ ಅದು ಅಂಗೀಕಾರವಾಗಿ ಜಾರಿಗೆ ಬಂದಿರಬೇಕು. ಅಂದರೆ ಕೀಲಿಕೈ ಸರ್ಕಾರದ ಹತ್ತಿರ ಇರುತ್ತದೆ. ಸರ್ಕಾರಕ್ಕೆ ಬೇಕಾದವರಾದರೆ ಮೂರು ತಿಂಗಳ ನೋಟಿಸ್ ಒಂದೇ ದಿನದಲ್ಲಿ ಮನ್ನಾ ಆಗುತ್ತದೆ. ಬೇಡವಾದವರ ಫೈಲ್ ಮಾತ್ರ ಮೇಜಿಂದ ಮೇಜಿಗೆ ನಿಧಾನವಾಗಿ ನಡೆಯುತ್ತದೆ.

2022ರ ಜನವರಿ 8ರಂದು ಉತ್ತರ ಪ್ರದೇಶದ ಚುನಾವಣೆ ಘೋಷಣೆ ಆಯಿತು. ಅದೇ ದಿನ ಕಾನ್ಪುರದ ಪೊಲೀಸ್ ಕಮಿಷನರ್ ಅಸೀಮ್ ಅರುಣ್ ವಿಆರ್‌ಎಸ್ ಕೇಳಿರುವ ಸುದ್ದಿ ಹೊರಬಿತ್ತು. ಬಿಜೆಪಿ ಟಿಕೆಟ್ ಸಿಕ್ಕಿತು, ಕನೌಜ್‌ನಿಂದ ಗೆದ್ದರು, ಮಂತ್ರಿಯೂ ಆದರು. ನಿನ್ನೆಯವರೆಗೆ ಒಂದು ಮಹಾನಗರದ ಇಡೀ ಪೊಲೀಸ್ ಪಡೆ ಕೈಯಲ್ಲಿದ್ದವರು ನಾಳೆ ಒಂದು ಪಕ್ಷದ ಅಭ್ಯರ್ಥಿ ಅಂದಾಗ, ಕೊನೆಯ ಕೆಲವು ತಿಂಗಳು ಅವರು ತೆಗೆದುಕೊಂಡ ನಿರ್ಧಾರಗಳ ಬಗ್ಗೆ ಎದುರು ಪಕ್ಷದವರಿಗೆ ಅನುಮಾನ ಬರದೇ ಇರುತ್ತದಾ? ಅವರು ತಪ್ಪು ಮಾಡಿದ್ದಾರೆ ಅಂತ ನಾನು ಹೇಳುತ್ತಿಲ್ಲ. ತಪ್ಪು ಮಾಡದೇ ಇದ್ದರೂ ಅನುಮಾನ ಉಳಿಯುತ್ತದೆ, ಅದೇ ತೊಂದರೆ.

ಇದಕ್ಕೇ ಚುನಾವಣಾ ಆಯೋಗ 2012ರಲ್ಲಿ ಕೇಂದ್ರಕ್ಕೆ ಒಂದು ಸಲಹೆ ಕೊಟ್ಟಿತ್ತು. ದೊಡ್ಡ ಅಧಿಕಾರಿಗಳು ಕೆಲಸ ಬಿಟ್ಟ ಮೇಲೆ ಸ್ವಲ್ಪ ಕಾಲ ಚುನಾವಣೆಗೆ ನಿಲ್ಲದಂತೆ ಕಾಯುವ ಅವಧಿ ಇಡಿ ಅಂತ. ಸರ್ಕಾರ ಒಪ್ಪಲಿಲ್ಲ. ಮುಂದೆ ವಿಷಯ ಸುಪ್ರೀಂ ಕೋರ್ಟ್‌ಗೆ ಹೋಯಿತು, 2022ರಲ್ಲಿ ಕೋರ್ಟ್ ಇದು ಶಾಸಕಾಂಗ ತೀರ್ಮಾನಿಸಬೇಕಾದ್ದು ಅಂತ ಅರ್ಜಿಯನ್ನು ವಜಾ ಮಾಡಿತು. ತಮಾಷೆ ಏನೆಂದರೆ, ಇದೇ ಅಧಿಕಾರಿ ನಿವೃತ್ತಿಯಾಗಿ ಖಾಸಗಿ ಕಂಪನಿ ಸೇರಬೇಕು ಅಂದರೆ ಮೊದಲ ಒಂದು ವರ್ಷ ಸರ್ಕಾರದ ಅನುಮತಿ ಕೇಳಬೇಕು. ಕಂಪನಿಗೆ ಕಾಯಬೇಕು, ಪಕ್ಷಕ್ಕೆ ಕಾಯಬೇಕಿಲ್ಲ.

ಅವಸರಪಟ್ಟವರಿಗೆಲ್ಲ ಟಿಕೆಟ್ ಸಿಗುತ್ತದೆ ಅಂತ ಏನೂ ಇಲ್ಲ. ಬಿಹಾರದ ಡಿಜಿಪಿ ಗುಪ್ತೇಶ್ವರ್ ಪಾಂಡೆ ಅವರ ಕತೆ ಕೇಳಿ. 2009ರಲ್ಲೇ ಒಮ್ಮೆ ವಿಆರ್‌ಎಸ್ ತೆಗೆದುಕೊಂಡು ಲೋಕಸಭೆಗೆ ನಿಲ್ಲುವ ಆಸೆ ಇಟ್ಟುಕೊಂಡರು, ಟಿಕೆಟ್ ಸಿಗಲಿಲ್ಲ, ಕೆಲವು ತಿಂಗಳ ಮೇಲೆ ಮತ್ತೆ ಕೆಲಸಕ್ಕೆ ವಾಪಸ್ಸಾದರು. ವಾಪಸ್ಸಾಗಿ ಡಿಜಿಪಿಯೂ ಆದರು. 2020ರ ಸೆಪ್ಟೆಂಬರ್‌ನಲ್ಲಿ, ವಿಧಾನಸಭಾ ಚುನಾವಣೆ ಘೋಷಣೆಗೆ ಇನ್ನೇನು ಕೆಲವೇ ದಿನ ಇದೆ ಅನ್ನುವಾಗ ಮತ್ತೆ ವಿಆರ್‌ಎಸ್, ಜೆಡಿಯು ಸೇರ್ಪಡೆ. ಕಣ್ಣು ಬಕ್ಸರ್ ಕ್ಷೇತ್ರದ ಮೇಲಿತ್ತು. ಸೀಟು ಹೊಂದಾಣಿಕೆಯಲ್ಲಿ ಬಕ್ಸರ್ ಬಿಜೆಪಿ ಪಾಲಾಯಿತು, ಬಿಜೆಪಿ ಅಲ್ಲಿ ನಿಲ್ಲಿಸಿದ್ದು ಪರಶುರಾಮ್ ಚತುರ್ವೇದಿ ಅವರನ್ನು. ಅವರೂ ಮಾಜಿ ಪೊಲೀಸರೇ, ಆದರೆ ಕಾನ್‌ಸ್ಟೇಬಲ್! ಡಿಜಿಪಿಗೆ ಸಿಗದ ಟಿಕೆಟ್ ಪೇದೆಗೆ ಸಿಕ್ಕಿತು ಅಂತ ಪತ್ರಿಕೆಗಳು ಹಬ್ಬ ಮಾಡಿದವು. ಕೊನೆಗೆ ಅಲ್ಲಿ ಗೆದ್ದಿದ್ದು ಕಾಂಗ್ರೆಸ್.

ಕೆಲಸದಿಂದ ವಜಾ ಆದವರ ಕತೆ ಬೇರೆ. ಭ್ರಷ್ಟಾಚಾರಕ್ಕೋ ದೇಶನಿಷ್ಠೆ ಮುರಿದಿದ್ದಕ್ಕೋ ವಜಾ ಆಗಿದ್ದರೆ ಜನಪ್ರತಿನಿಧಿ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಐದು ವರ್ಷ ನಿಲ್ಲುವಂತಿಲ್ಲ. ಬೇರೆ ಕಾರಣಕ್ಕೆ ವಜಾ ಆಗಿದ್ದರೂ ಐದು ವರ್ಷ ತುಂಬುವವರೆಗೆ, ಈ ಎರಡು ಕಾರಣಕ್ಕೆ ಅಲ್ಲ ಅಂತ ಚುನಾವಣಾ ಆಯೋಗದಿಂದ ಸರ್ಟಿಫಿಕೇಟ್ ತಂದು ನಾಮಪತ್ರದ ಜೊತೆ ಇಡಬೇಕು. ಊಟ ಸರಿಯಿಲ್ಲ ಅಂತ ವಿಡಿಯೋ ಹಾಕಿ 2017ರಲ್ಲಿ ವಜಾ ಆದ ಬಿಎಸ್‌ಎಫ್ ಜವಾನ ತೇಜ್ ಬಹಾದ್ದೂರ್ ಯಾದವ್ ನೆನಪಿರಬಹುದು. 2019ರಲ್ಲಿ ಅವರು ವಾರಾಣಸಿಯಲ್ಲಿ ಲೋಕಸಭೆಗೆ ಸಲ್ಲಿಸಿದ ನಾಮಪತ್ರ ಬಿದ್ದುಹೋಗಿದ್ದು ಈ ಒಂದು ಕಾಗದ ಇಲ್ಲದ್ದಕ್ಕೆ. ಸುಪ್ರೀಂ ಕೋರ್ಟ್‌ವರೆಗೂ ಹೋದರು, 2020ರಲ್ಲಿ ಅಲ್ಲೂ ಸೋತರು. ವಿಧಾನಸಭೆಗೂ ಇದೇ ನಿಯಮ.

ಸೇನೆಯ ಕಡೆ ಬಂದರೆ ಒಂದು ಕುತೂಹಲದ ಕಿಂಡಿ ಇದೆ. ಟೆರಿಟೋರಿಯಲ್ ಆರ್ಮಿ. ಬೇರೆ ಉದ್ಯೋಗ ಮಾಡಿಕೊಂಡೇ ವರ್ಷದಲ್ಲಿ ಸ್ವಲ್ಪ ಕಾಲ ಸೇನೆಯಲ್ಲಿ ತರಬೇತಿ ಪಡೆಯುವ ಪಡೆ ಅದು. ಸಂಸದರ ವಿಷಯದಲ್ಲಿ 1959ರ ಒಂದು ಕಾಯ್ದೆ ಈ ಪಡೆಯ ಸದಸ್ಯತ್ವ, ಎನ್‌ಸಿಸಿ, ಗೃಹರಕ್ಷಕ ದಳ ಇವನ್ನೆಲ್ಲ ಲಾಭದಾಯಕ ಹುದ್ದೆಯ ಪಟ್ಟಿಯಿಂದ ಹೊರಗಿಟ್ಟಿದೆ. ರಾಜ್ಯಗಳೂ ತಮ್ಮ ಶಾಸಕರಿಗೆ ಇಂಥ ವಿನಾಯಿತಿ ಕೊಡಬಹುದು. ಸಚಿನ್ ಪೈಲಟ್ 2012ರಲ್ಲಿ, ಕೇಂದ್ರದಲ್ಲಿ ಮಂತ್ರಿಯಾಗಿದ್ದಾಗಲೇ, ಟೆರಿಟೋರಿಯಲ್ ಆರ್ಮಿಯ ಅಧಿಕಾರಿಯಾದರು. ಆಮೇಲೆ 2018 ಮತ್ತು 2023ರಲ್ಲಿ ರಾಜಸ್ಥಾನದ ಟೋಂಕ್‌ನಿಂದ ಶಾಸಕರಾಗಿ ಗೆದ್ದರು.

ಉಳಿದಂತೆ ಸೇನೆಯಿಂದ ಬಂದವರ ಹೆಸರಿನ ಹಿಂದೆ ಇರುವ ರ‍್ಯಾಂಕ್ ಗಮನಿಸಿ. ಅದು ಎಷ್ಟೋ ಹೇಳುತ್ತದೆ. ಪಂಜಾಬಿನ ಎರಡು ಸಲದ ಮುಖ್ಯಮಂತ್ರಿ ಅಮರಿಂದರ್ ಸಿಂಗ್ ಅವರನ್ನು ಎಲ್ಲರೂ ಕರೆಯುವುದೇ ಕ್ಯಾಪ್ಟನ್ ಅಂತ. 1963ರಲ್ಲಿ ಸಿಖ್ ರೆಜಿಮೆಂಟ್ ಸೇರಿದರು, 1965ರ ಆರಂಭದಲ್ಲಿ ಬಿಟ್ಟರು, ಪಾಕಿಸ್ತಾನದ ಜೊತೆ ಯುದ್ಧ ಶುರುವಾದಾಗ ಮತ್ತೆ ಸೇರಿದರು, ಮುಗಿದ ಮೇಲೆ ಹೊರಬಂದರು. ಸೇವೆ ಕೆಲವೇ ವರ್ಷ, ಆದರೆ ಬಿಟ್ಟವರು ಯುದ್ಧಕ್ಕೆ ವಾಪಸ್ ಹೋದದ್ದು ಸಣ್ಣ ಮಾತಲ್ಲ. ಉತ್ತರಾಖಂಡದ ಮುಖ್ಯಮಂತ್ರಿಯಾಗಿದ್ದ ಬಿ.ಸಿ. ಖಂಡೂರಿ ಇನ್ನೊಂದು ತುದಿ. ಪೂರ್ತಿ ವೃತ್ತಿಜೀವನವನ್ನೇ ಸೇನೆಯ ಎಂಜಿನಿಯರಿಂಗ್ ವಿಭಾಗದಲ್ಲಿ ಕಳೆದು ಮೇಜರ್ ಜನರಲ್ ಆಗಿ ನಿವೃತ್ತರಾದವರು. ವಾಜಪೇಯಿ ಸರ್ಕಾರದಲ್ಲಿ ಹೆದ್ದಾರಿ ಖಾತೆ ಅವರಿಗೆ ಹೊಂದಿದ್ದು ಅದಕ್ಕೇ. ಮುಖ್ಯಮಂತ್ರಿಯಾಗಿ 2011ರಲ್ಲಿ ಬಿಗಿಯಾದ ಲೋಕಾಯುಕ್ತ ಮಸೂದೆ ಪಾಸು ಮಾಡಿಸಿದರು. ಮರುವರ್ಷ ಕೋಟ್‌ದ್ವಾರದಲ್ಲಿ ತಾವೇ ಸೋತರು! ನಮ್ಮಲ್ಲಿ ಕ್ಯಾಪ್ಟನ್ ಗಣೇಶ್ ಕಾರ್ಣಿಕ್ ಸೇನೆಯಿಂದ ಬಂದು ವಿಧಾನ ಪರಿಷತ್ತಿಗೆ ಹೋದರು, ಅದೂ ನೈಋತ್ಯ ಶಿಕ್ಷಕರ ಕ್ಷೇತ್ರದಿಂದ. ಮತ ಕೇಳಿದ್ದು ಮೇಷ್ಟ್ರುಗಳ ಹತ್ತಿರ, ಸೈನಿಕರ ಹತ್ತಿರ ಅಲ್ಲ.

ಸರಿ, ಗೆದ್ದು ಬಂದ ಮೇಲೆ ಹಳೇ ಕೆಲಸದ ಅನುಭವ ಏನಕ್ಕೆ ಉಪಯೋಗ? ಇದು ಯಾರೂ ಸರಿಯಾಗಿ ಕೇಳದ ಪ್ರಶ್ನೆ. ಪೊಲೀಸ್, ಕಾನೂನು ಸುವ್ಯವಸ್ಥೆ, ಜೈಲು, ಈ ಮೂರೂ ಸಂವಿಧಾನದ ರಾಜ್ಯ ಪಟ್ಟಿಯಲ್ಲಿವೆ. ರಕ್ಷಣೆ ಪೂರ್ತಿ ಕೇಂದ್ರದ್ದು. ಹಾಗಾಗಿ ಮಾಜಿ ಪೊಲೀಸ್ ಒಬ್ಬರು ಶಾಸಕರಾದರೆ ತಾವು ಕೆಲಸ ಮಾಡಿದ ಇಲಾಖೆಯ ಕಾಯ್ದೆಯನ್ನೇ ತಿದ್ದಬಹುದು, ಬಜೆಟ್ ಪ್ರಶ್ನಿಸಬಹುದು, ಠಾಣೆಯಲ್ಲಿ ಜನ ಎಷ್ಟು ಕಡಿಮೆ ಇದ್ದಾರೆ ಅಂತ ಅಂಕಿಅಂಶ ಸಮೇತ ಗೃಹ ಸಚಿವರನ್ನು ಹಿಡಿಯಬಹುದು. ಮಾಜಿ ಯೋಧ ಶಾಸಕರಾದರೆ ಗಡಿಯ ಬಗ್ಗೆ ಸದನದಲ್ಲಿ ಏನೂ ಮಾಡಲಾಗುವುದಿಲ್ಲ. ನಿವೃತ್ತ ಸೈನಿಕರ ಜಮೀನು, ನಿವೇಶನ, ಮಕ್ಕಳ ಮೀಸಲಾತಿ, ಸೈನಿಕ ಕಲ್ಯಾಣ ಇಲಾಖೆ, ಇವು ಮಾತ್ರ ಅವರ ಕೈಗೆ ಸಿಗುವಂಥವು. ಗಡಿ ಕಾದವರು ವಿಧಾನಸಭೆಗೆ ಬಂದರೆ ದೇಶ ಸುರಕ್ಷಿತ ಅನ್ನುವ ಭಾಷಣಕ್ಕೆ ಅರ್ಥವಿಲ್ಲ. ಸುಮ್ನೆ ಚಪ್ಪಾಳೆಗೆ ಹೇಳುವುದು ಅಷ್ಟೇ.

ಪೊಲೀಸರ ವಿಷಯದಲ್ಲಿ ಇನ್ನೂ ಒಂದು ಗಟ್ಟಿ ಪರೀಕ್ಷೆ ಇದೆ. 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಏಳು ನಿರ್ದೇಶನ ಕೊಟ್ಟಿತು. ಆ ಪ್ರಕಾಶ್ ಸಿಂಗ್ ಸ್ವತಃ ನಿವೃತ್ತ ಡಿಜಿಪಿ. ಠಾಣಾಧಿಕಾರಿಗೆ, ಎಸ್‌ಪಿಗೆ ಕನಿಷ್ಠ ಎರಡು ವರ್ಷ ಒಂದೇ ಕಡೆ ಕೆಲಸ ಮಾಡಲು ಬಿಡಿ, ವರ್ಗಾವಣೆ ತೀರ್ಮಾನಿಸಲು ಪೊಲೀಸ್ ಅಧಿಕಾರಿಗಳದ್ದೇ ಮಂಡಳಿ ಇರಲಿ, ಪೊಲೀಸರ ವಿರುದ್ಧದ ದೂರು ಕೇಳಲು ಬೇರೆ ಪ್ರಾಧಿಕಾರ ಮಾಡಿ, ಹೀಗೆ. ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇವುಗಳಲ್ಲಿ ಕೆಲವನ್ನು ಸೇರಿಸಿತು. ಆದರೆ ಕಾಗದದ ಮೇಲೆ ಏನೇ ಇರಲಿ, ಇನ್‌ಸ್ಪೆಕ್ಟರ್‌ಗೆ ಒಳ್ಳೆಯ ಠಾಣೆ ಬೇಕೆಂದರೆ ಸ್ಥಳೀಯ ಶಾಸಕರ ಶಿಫಾರಸು ಪತ್ರ ಬೇಕು ಅನ್ನುವುದು ಇಲ್ಲಿ ಯಾರಿಗೂ ಗುಟ್ಟಲ್ಲ. ಈಗ ಯೋಚಿಸಿ. ಎತ್ತಂಗಡಿಯ ಕಷ್ಟವನ್ನು ಸ್ವತಃ ಉಂಡ ಮಾಜಿ ಪೊಲೀಸ್ ಅಧಿಕಾರಿ ಶಾಸಕರಾದ ಮೇಲೆ ತಾವೂ ಅದೇ ಪತ್ರ ಬರೆಯುತ್ತಾರಾ, ಇಲ್ಲವಾ? ಅವರ ಹಿನ್ನೆಲೆಗೆ ಬೆಲೆ ಇದೆಯಾ ಅನ್ನುವುದು ನನ್ನ ಮಟ್ಟಿಗೆ ಇದೊಂದರಲ್ಲೇ ಗೊತ್ತಾಗುತ್ತದೆ.

ಪೊಲೀಸ್ ಅಭ್ಯಾಸಕ್ಕೂ ಪಕ್ಷದ ಶಿಸ್ತಿಗೂ ಜಗಳ ಬೀಳುವುದೂ ಉಂಟು. ಪಂಜಾಬಿನ ಕುಂವರ್ ವಿಜಯ್ ಪ್ರತಾಪ್ ಸಿಂಗ್ ಐಪಿಎಸ್ ಅಧಿಕಾರಿಯಾಗಿದ್ದಾಗ ಪ್ರತಿಭಟನಾಕಾರರ ಮೇಲೆ ಪೊಲೀಸರು ಗುಂಡು ಹಾರಿಸಿದ ಕೋಟ್ಕಪೂರ ಗೋಲಿಬಾರ್ ಪ್ರಕರಣದ ತನಿಖೆಯಲ್ಲಿದ್ದರು. 2021ರ ಏಪ್ರಿಲ್‌ನಲ್ಲಿ ಹೈಕೋರ್ಟ್ ಆ ತನಿಖೆಯನ್ನೇ ರದ್ದು ಮಾಡಿತು. ಅವರು ಕೆಲಸ ಬಿಟ್ಟರು, ಆಮ್ ಆದ್ಮಿ ಪಕ್ಷ ಸೇರಿದರು, 2022ರಲ್ಲಿ ಅಮೃತಸರ ಉತ್ತರದಿಂದ ಶಾಸಕರಾದರು. ಗೆದ್ದ ಮೇಲೆ ಪಕ್ಷದ್ದೇ ಸರ್ಕಾರ. ಆದರೂ ಆ ಪ್ರಕರಣದಲ್ಲಿ ನ್ಯಾಯ ಸಿಕ್ಕಿಲ್ಲ ಅಂತ ಸ್ವಂತ ಸರ್ಕಾರವನ್ನೇ ಕೆಣಕುತ್ತಾ ಬಂದರು. 2025ರಲ್ಲಿ ಪಕ್ಷ ಅವರನ್ನು ಅಮಾನತು ಮಾಡಿತು. ಅಮಾನತಾದರೂ ಶಾಸಕ ಸ್ಥಾನ ಹೋಗುವುದಿಲ್ಲ. ಆದರೆ ಸದನದಲ್ಲಿ ವಿಪ್, ಅಂದರೆ ಹೀಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ, ಮೀರಿ ಮತ ಹಾಕಿದರೆ ಪಕ್ಷಾಂತರ ನಿಷೇಧ ಕಾಯ್ದೆ ಕುತ್ತಿಗೆಗೆ ಬರುತ್ತದೆ. ಎಸ್‌ಪಿಯಾಗಿದ್ದಾಗ ತಪ್ಪು ಆದೇಶಕ್ಕೆ ಲಿಖಿತವಾಗಿ ಕೊಡಿ ಅನ್ನಬಹುದು. ವಿಪ್‌ಗೆ ಹಾಗೆ ಅನ್ನಲಾಗುವುದಿಲ್ಲ, ಅದು ಲಿಖಿತವಾಗಿಯೇ ಬರುತ್ತದೆ!

ಇಷ್ಟೆಲ್ಲ ಮಾತಾಡಿ ಬಿ.ಸಿ. ಪಾಟೀಲರನ್ನು ಬಿಟ್ಟರೆ ಹೇಗೆ? ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಆಗಿದ್ದವರು, ಸಿನಿಮಾಕ್ಕೆ ಬಂದರು, ಅಲ್ಲಿಂದ 2004ರಲ್ಲಿ ಹಿರೇಕೆರೂರಿನಿಂದ ಜೆಡಿಎಸ್ ಶಾಸಕ. ಆಮೇಲೆ ಕಾಂಗ್ರೆಸ್, ಆಮೇಲೆ ಬಿಜೆಪಿ. 2019ರಲ್ಲಿ ಮೈತ್ರಿ ಸರ್ಕಾರ ಬೀಳಿಸಿದ ರಾಜೀನಾಮೆಗಳಲ್ಲಿ ಅವರದ್ದೂ ಒಂದು. ಸ್ಪೀಕರ್ ಅನರ್ಹಗೊಳಿಸಿದರು, ಡಿಸೆಂಬರ್ ಉಪಚುನಾವಣೆಯಲ್ಲಿ ಮತ್ತೆ ಗೆದ್ದರು, 2020ರಲ್ಲಿ ಕೃಷಿ ಸಚಿವರಾದರು, 2023ರಲ್ಲಿ ಸೋತರು. ಪೊಲೀಸ್ ಹಿನ್ನೆಲೆ ಇದ್ದವರಿಗೆ ಸಿಕ್ಕಿದ್ದು ಕೃಷಿ, ಗೃಹ ಅಲ್ಲ. ಖಾತೆ ಹಂಚುವಾಗ ನೋಡುವುದು ಜಾತಿ, ಜಿಲ್ಲೆ, ಬಣದ ಲೆಕ್ಕ. ಹಳೇ ಉದ್ಯೋಗ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಅಮೆರಿಕದಲ್ಲಿ ಇದೇ ವಿಷಯ ಪೂರ್ತಿ ಬೇರೆ ಥರ ನಡೆಯುತ್ತದೆ, ಅಲ್ಲಿರುವ ಕನ್ನಡಿಗರಿಗೆ ಗೊತ್ತಿರುತ್ತದೆ. ಅಲ್ಲಿ ಎಷ್ಟೋ ರಾಜ್ಯಗಳಲ್ಲಿ ಶಾಸಕರ ಕೆಲಸ ಅರೆಕಾಲಿಕ. ನ್ಯೂ ಹ್ಯಾಂಪ್‌ಶೈರ್‌ನ ಕೆಳಮನೆಯಲ್ಲಿ 400 ಸದಸ್ಯರು, ಸಂಬಳ ವರ್ಷಕ್ಕೆ 100 ಡಾಲರ್! ಟೆಕ್ಸಾಸ್‌ನಲ್ಲಿ ಮಾಮೂಲಿ ಅಧಿವೇಶನ ಎರಡು ವರ್ಷಕ್ಕೊಮ್ಮೆ, ಹೆಚ್ಚೆಂದರೆ 140 ದಿನ. ಹಾಗಾಗಿ ಹೊಟ್ಟೆಪಾಡಿನ ಕೆಲಸ ಬೇರೆ ಇರಲೇಬೇಕು. ಮೀಸಲು ಪಡೆಯ ಸೈನಿಕರು ಪೂರ್ಣಾವಧಿ ಕರ್ತವ್ಯದಲ್ಲಿ ಇಲ್ಲದಾಗ ರಾಜ್ಯದ ಶಾಸಕರಾಗಿ ಇರಬಹುದು. 270 ದಿನಕ್ಕಿಂತ ಜಾಸ್ತಿ ಕರ್ತವ್ಯಕ್ಕೆ ಕರೆ ಬಂದರೆ ಮಾತ್ರ ತೊಡಕು.

ಅಲ್ಲಿನ ಒಂದು ಉದಾಹರಣೆ ವಾಷಿಂಗ್ಟನ್ ರಾಜ್ಯದ ಸೆನೆಟರ್ ಜಾನ್ ಲವಿಕ್. 13 ವರ್ಷ ಕೋಸ್ಟ್ ಗಾರ್ಡ್, 31 ವರ್ಷ ರಾಜ್ಯ ಹೆದ್ದಾರಿ ಪೊಲೀಸ್. ನಡುವೆ ಸಣ್ಣ ಊರೊಂದರ ನಗರಸಭೆ ಸದಸ್ಯ, ಆಮೇಲೆ ರಾಜ್ಯದ ಕೆಳಮನೆ, ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಚುನಾಯಿತ ಶೆರಿಫ್ ಅಂದರೆ ಪೊಲೀಸ್ ಮುಖ್ಯಸ್ಥ, ಕೌಂಟಿ ಆಡಳಿತದ ಮುಖ್ಯಸ್ಥ, ಮತ್ತೆ ಕೆಳಮನೆ, ಈಗ ಮೇಲ್ಮನೆ. 2023ರಲ್ಲಿ ಅವರು ಒಂದು ಮಸೂದೆ ತಂದರು. ಕುಡಿದು ಗಾಡಿ ಓಡಿಸುವವರ ರಕ್ತದಲ್ಲಿ ಆಲ್ಕೋಹಾಲ್ ಮಿತಿಯನ್ನು ಶೇ 0.08ರಿಂದ 0.05ಕ್ಕೆ ಇಳಿಸಬೇಕು ಅಂತ. ಆಗ ಅಮೆರಿಕದಲ್ಲಿ ಆ ಮಿತಿ ಇದ್ದದ್ದು ಯೂಟಾ ಒಂದರಲ್ಲೇ. ಮಸೂದೆ ಆ ವರ್ಷ ಪಾಸಾಗಲಿಲ್ಲ. ಅಂದಹಾಗೆ ನಮ್ಮ ದೇಶದ ಮಿತಿ 0.03, ಅವರು ಕೇಳಿದ್ದಕ್ಕಿಂತಲೂ ಕಡಿಮೆ. ಮಸೂದೆ ಬಿದ್ದಿತೋ ನಿಂತಿತೋ ಆಮೇಲಿನ ಮಾತು. ಹೆದ್ದಾರಿಯಲ್ಲಿ ಅಪಘಾತಗಳ ನಡುವೆ ವೃತ್ತಿ ಕಳೆದವರು ಸದನದಲ್ಲಿ ಅದನ್ನೇ ಹಿಡಿದುಕೊಂಡರು ನೋಡಿ. ಹಿನ್ನೆಲೆ ಕೆಲಸಕ್ಕೆ ಬರುವುದು ಅಂದರೆ ಹೀಗೆ.

ಇನ್ನು ಮೂರನೇ ಬಿರುದು, ಸಮಾಜ ಸೇವಕ. ಇದಕ್ಕೆ ಪರೀಕ್ಷೆ ಇಲ್ಲ, ರ‍್ಯಾಂಕ್ ಇಲ್ಲ, ವಜಾ ಮಾಡುವವರೂ ಇಲ್ಲ. ಗಣೇಶೋತ್ಸವಕ್ಕೆ ಚಂದಾ ಕೊಟ್ಟವರೂ ಸಮಾಜ ಸೇವಕರೇ. ಸಂವಿಧಾನ ಈ ಬಿರುದನ್ನು ಗಂಭೀರವಾಗಿ ತೆಗೆದುಕೊಂಡಿರುವ ಜಾಗ ಒಂದಿದೆ, ಅದು ವಿಧಾನ ಪರಿಷತ್ತು. 171ನೇ ವಿಧಿಯಂತೆ ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ ಮತ್ತು ಸಮಾಜ ಸೇವೆಯಲ್ಲಿ ವಿಶೇಷ ಅನುಭವ ಇರುವವರನ್ನು ರಾಜ್ಯಪಾಲರು ನಾಮಕರಣ ಮಾಡಬಹುದು. ನಮ್ಮ ಪರಿಷತ್ತಿನ 75 ಸ್ಥಾನಗಳಲ್ಲಿ 11 ಹೀಗೆ ತುಂಬುವಂಥವು. ಹೆಸರು ಕಳಿಸುವುದು ಸರ್ಕಾರ ಆದ್ದರಿಂದ, ಸೇವೆ ಸಮಾಜದ್ದೋ ಪಕ್ಷದ್ದೋ ಅನ್ನುವ ಜಗಳ ಪ್ರತಿ ಪಟ್ಟಿಯ ಜೊತೆಗೂ ಬರುತ್ತದೆ.

ಹಾಗಾದರೆ ಮತದಾರ ಇದನ್ನೆಲ್ಲ ಪತ್ತೆ ಮಾಡುವುದು ಹೇಗೆ? ಅಭ್ಯರ್ಥಿ ಸಲ್ಲಿಸುವ ಫಾರಂ 26ರ ಅಫಿಡವಿಟ್ ಚುನಾವಣಾ ಆಯೋಗದ ವೆಬ್‌ಸೈಟ್‌ನಲ್ಲಿ ಸಿಗುತ್ತದೆ. ಕ್ರಿಮಿನಲ್ ಕೇಸು, ಆಸ್ತಿ, ಸಾಲ, ಓದು ಎಲ್ಲ ಅದರಲ್ಲಿ ಇರುತ್ತವೆ. ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಇದ್ದವರು ಬಾಡಿಗೆ, ನೀರು, ಕರೆಂಟ್ ಬಾಕಿ ಇಲ್ಲ ಅಂತಲೂ ತೋರಿಸಬೇಕು. ಇಲಾಖಾ ವಿಚಾರಣೆ ಎಷ್ಟು ನಡೆದವು, ಶಿಕ್ಷೆ ಏನಾಯಿತು ಅನ್ನುವ ಕಾಲಂ ಮಾತ್ರ ಇಲ್ಲ. ಕ್ವಾರ್ಟರ್ಸ್‌ನ ನೀರಿನ ಬಿಲ್ ಬೇಕು, ಸೇವೆಯ ದಾಖಲೆ ಬೇಡ! ಆರ್‌ಟಿಐ ಹಾಕೋಣ ಅಂದರೆ, ನೌಕರರ ವಿರುದ್ಧದ ಮೆಮೋ, ನೋಟಿಸ್, ಶಿಕ್ಷೆಯ ವಿವರ ವೈಯಕ್ತಿಕ ಮಾಹಿತಿ, ದೊಡ್ಡ ಸಾರ್ವಜನಿಕ ಹಿತ ತೋರಿಸದೇ ಕೊಡಬೇಕಿಲ್ಲ ಅಂತ 2012ರಲ್ಲಿ ಗಿರೀಶ್ ದೇಶಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮತ ಕೇಳಲು ಬಂದವರ ವಿಷಯದಲ್ಲಾದರೂ ಇದು ಬದಲಾಗಬೇಕು. ಸೇವೆಯ ಹೆಸರಲ್ಲೇ ಮತ ಕೇಳುವವರು ಆ ಸೇವೆಯ ದಾಖಲೆಯನ್ನು ತಾವೇ ಮುಂದಿಡಲಿ, ಯಾರು ಬೇಡ ಅಂದರು?

ಅಲ್ಲಿಯವರೆಗೆ ಸಿಗುವಷ್ಟನ್ನು ಹುಡುಕಬೇಕು. ರಾಷ್ಟ್ರಪತಿ ಪದಕಗಳ ಪಟ್ಟಿ ಪ್ರತಿ ಜನವರಿ 26 ಮತ್ತು ಆಗಸ್ಟ್ 15ರ ಸಂದರ್ಭದಲ್ಲಿ ಹೊರಬರುತ್ತದೆ. ಪದಕ ಬಂದಿದೆ ಅಂತ ಫ್ಲೆಕ್ಸ್ ಹೇಳಿದರೆ ಆ ವರ್ಷದ ಪಟ್ಟಿ ತೆಗೆದು ನೋಡಬಹುದು. ಸೇನಾಧಿಕಾರಿಗಳ ನೇಮಕ, ಬಡ್ತಿ ಭಾರತ ಸರ್ಕಾರದ ಗೆಜೆಟ್‌ನಲ್ಲಿ ಬರುತ್ತವೆ. ಫ್ಲೆಕ್ಸ್‌ನಲ್ಲಿ ಈಗಿನ ಸೈನಿಕರ ಫೋಟೊ ಇದ್ದರೆ ಅದು ತಪ್ಪು, ಪ್ರಚಾರಕ್ಕೆ ಅದನ್ನು ಬಳಸಬೇಡಿ ಅಂತ ಚುನಾವಣಾ ಆಯೋಗ 2013ರಲ್ಲೂ 2019ರಲ್ಲೂ ಪಕ್ಷಗಳಿಗೆ ಹೇಳಿದೆ. ಇನ್ನು ಈಗಾಗಲೇ ಒಮ್ಮೆ ಶಾಸಕರಾಗಿದ್ದವರಾದರೆ ಕೆಲಸ ಸುಲಭ. ವಿಧಾನಸಭೆಯ ಕಲಾಪದ ದಾಖಲೆ ತೆರೆದು, ಗೃಹ ಇಲಾಖೆಗೆ ಅವರು ಕೇಳಿದ ಪ್ರಶ್ನೆ ಎಷ್ಟು, ಠಾಣೆ, ಜೈಲು, ಪೇದೆಗಳ ರಜೆ, ಲಾಕಪ್ ಸಾವು ಇವುಗಳ ಬಗ್ಗೆ ಒಮ್ಮೆಯಾದರೂ ಬಾಯಿ ತೆರೆದಿದ್ದಾರಾ ಅಂತ ನೋಡಿ.